ಕುಕ್ಕುಂದೂರಿನ ಇಂಜಿನ್

ಅಕ್ಟೋಬರ್ 6, 2025, ಸೋಮವಾರ

ಮಗಳು ಕ್ಯಾರಲ್ ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಮೊದಲ ನಾಲ್ಕು ಹಾಳೆಗಳಲ್ಲಿ ಅವಳ ನರ್ಸಿಂಗ್ ಪಾಠ, ಒಂದು ಕಿಡ್ನಿಯ ಚಿತ್ರ. ಉಳಿದದ್ದು ಖಾಲಿ. ಏಳನೆಯ ತರಗತಿಯವರೆಗೆ ಶಂಕರಪುರದ ಕನ್ನಡ ಶಾಲೆಗೆ ಹೋದವಳು ನಾನು. ಪ್ರಾರ್ಥನೆ ಕೊಂಕಣಿಯಲ್ಲಿ, ಬರೆಯುವುದು ಕನ್ನಡದಲ್ಲಿ. ಮನೆಯಲ್ಲಿ ಮಾತಿಗೆ ಜನ ಇಲ್ಲ. ಮಗಳು ಮಣಿಪಾಲದ ಆಸ್ಪತ್ರೆಯಲ್ಲಿ ಡ್ಯೂಟಿ ಎಂದು ಅಲ್ಲಿಯೇ ಹಾಸ್ಟೆಲಿನಲ್ಲಿದ್ದಾಳೆ. ಗಂಡ ಮನೆಯಲ್ಲೇ ಇದ್ದಾರೆ, ಆದರೆ ಲಾರಿ ನಿಂತ ದಿನದಿಂದ ಬಾಯಿ ಬಿಡುವುದಿಲ್ಲ.

ಲಾರಿ ನಿಂತು ಹನ್ನೆರಡು ದಿನವಾಯಿತು. ಜಲ್ಲಿ ತುಂಬಿಕೊಂಡು ಬೆಳ್ಮಣ್ಣಿನ ಏರು ಹತ್ತುವಾಗ ಇಂಜಿನ್ ಒಡೆಯಿತು. ಎಳೆಸಿಕೊಂಡು ಕಾಪುವಿಗೆ, ಶೇಖರನ ಗ್ಯಾರೇಜಿಗೆ ತಂದದ್ದು. ಇವತ್ತು ಕಟ್ಟೆಯ ಏಜೆಂಟರಿಗೆ ಮಲ್ಲಿಗೆ ಕೊಟ್ಟು ಹಾಗೆಯೇ ಬಸ್ಸು ಹಿಡಿದು ನೋಡಲು ಹೋದೆ. ಕಬ್ಬಿಣದ ಪೆಟ್ಟಿಗೆಯ ಪಕ್ಕೆಯಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ತೂತು.

"ಇದು ಒಂದು ದಿನದಲ್ಲಿ ಆದದ್ದಲ್ಲ ಬಾಯಮ್ಮ," ಎಂದ ಶೇಖರ. "ಒಳಗೆ ಬೇರಿಂಗ್ ಹೋಗಿ ತಿಂಗಳುಗಟ್ಟಲೆ ಬಡಿದಿರಬೇಕು. ಟಕ್ ಟಕ್ ಅಂತ. ಪೊರ್ಬುಗಳಿಗೆ ಗೊತ್ತಾಗದೆ ಹೋದದ್ದು ಹೇಗೆ ಅಂತ?"

ಊರವರು ಕ್ರಿಸ್ತುವರ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಎನ್ನುವುದು; ಅವನು ಹೇಳಿದ್ದು ನನ್ನ ಗಂಡನನ್ನು. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದ ಹಿಂದೆ ಇದೇ ಶೇಖರ ನಮ್ಮ ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಒಳಗಿನ ರೋಗ ತಿಳಿಯುವುದನ್ನು ಅವನಿಗೆ ಕಲಿಸಿದವರು ಇವರೇ. ಹಳೆ ಲಾರಿ ಕೊಳ್ಳುವವರು ಕಾರ್ಕಳದಿಂದ ಬಂದು ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ರೊಸಾರಿಯೊ ಕೇಳಿ ಸರಿ ಎಂದರೆ ಸರಿ ಎಂದು ಇವರ ಬಗ್ಗೆ ಜನರ ಮಾತು. "ನೀನು ನಿನ್ನ ಕೆಲಸ ನೋಡು ಮಾರಾಯ," ಎಂದುಬಿಟ್ಟೆ.

ದೀಪಾವಳಿ ಕಳೆದ ಕೂಡಲೇ ಕೆಂಪು ಕಲ್ಲಿನ ಕೋರೆ ಸುರುವಾಗುತ್ತದೆ. ಅಷ್ಟರೊಳಗೆ ಲಾರಿ ಬಾರದಿದ್ದರೆ ಬೇರೆಯವರದ್ದನ್ನು ಗೊತ್ತು ಮಾಡುತ್ತೇನೆಂದು ಕೋರೆಯ ಧನಿ ಹೇಳಿ ಕಳುಹಿಸಿದ್ದಾರೆ. ಹೊಸ ಇಂಜಿನ್ ನಮ್ಮ ಕೈಗೆ ನಿಲುಕುವುದಲ್ಲ. ಕುಕ್ಕುಂದೂರಿನಲ್ಲಿ ಒಬ್ಬರ ಹತ್ತಿರ ಹಳೆಯದೊಂದು ಉಂಟಂತೆ.

ಇದು ಜಪಮಾಲೆಯ ತಿಂಗಳು. ಸಂಜೆ ತೇರ್ಸಿಗೆ, ಜಪಮಾಲೆಯ ಪ್ರಾರ್ಥನೆಗೆ, ಕುಳಿತರೆ ಒಂದೊಂದು ಮಣಿಗೂ ಮೊದಲ ಅರ್ಧ ನನ್ನದು, ಉಳಿದರ್ಧ ಇವರದ್ದು. ಈಗ ನಾನು ನನ್ನ ಅರ್ಧ ಹೇಳಿ ಮುಗಿಸುವ ಮೊದಲೇ ಇವರು ತಮ್ಮ ಅರ್ಧ ಸುರು ಮಾಡುತ್ತಾರೆ. ಒಮ್ಮೊಮ್ಮೆ ನಾನು ಮುಗಿಸಿ ಕಾದರೂ ಸುರು ಮಾಡುವುದಿಲ್ಲ. ಇಂಜಿನಿನ ಸಿಟ್ಟನ್ನು ದೇವಮಾತೆಯ ಮೇಲೆ ತೀರಿಸಬೇಡಿ ಎಂದೆ. ಇವರು ಜಪಮಾಲೆಯನ್ನು ಮೊಳೆಗೆ ತೂಗುಹಾಕಿ ಮಲಗಲು ಹೋದರು.

ಅಕ್ಟೋಬರ್ 8, ಬುಧವಾರ

ಕುಕ್ಕುಂದೂರಿನ ಕರುಣಾಕರ ಫೋನ್ ಮಾಡಿದ್ದರು. ಫೋನ್ ಇವರದ್ದು, ಮಾತನಾಡಿದ್ದು ನಾನು. "ಇಂತಹ ಪಂಚಾತಿಕೆ ನನಗಾಗುವುದಿಲ್ಲ, ನೀನೇ ಕೇಳು," ಎಂದು ನನ್ನ ಕೈಯಲ್ಲಿ ತುರುಕಿ ಅಂಗಳಕ್ಕೆ ಹೋದರು. ಈಗೀಗ ಎಲ್ಲ ಫೋನೂ ಹಾಗೆಯೇ.

ಕರುಣಾಕರರದ್ದು ಬೆಣ್ಣೆಯಂತಹ ಮಾತು. ಅವರು ಹೇಳಿದ್ದನ್ನು ಮರೆಯಬಾರದೆಂದು ಬರೆದಿಡುತ್ತೇನೆ. ಅದು ಆಕ್ಸಿಡೆಂಟ್ ಆದ ಲಾರಿಯ ಇಂಜಿನ್. ಲಾರಿಗೆ ಎರಡೇ ವರ್ಷ ಆಗಿತ್ತು. ಓಡಿದ್ದು ತೊಂಬತ್ತು ಸಾವಿರ ಕಿಲೋಮೀಟರ್, ಒಬ್ಬನೇ ಡ್ರೈವರ್. ಇವತ್ತಿನವರೆಗೆ ಒಂದು ನಟ್ಟನ್ನೂ ಯಾರೂ ಬಿಚ್ಚಿಲ್ಲ. ಕಾಗದ ಎಲ್ಲ ಸರಿ ಉಂಟು.

"ಎರಡೇ ವರ್ಷದ್ದನ್ನು ಇಷ್ಟು ಕಡಿಮೆಗೆ ಯಾಕೆ ಕೊಡ್ತೀರಿ?" ಎಂದು ಕೇಳಿದೆ.

"ಬಾಯಮ್ಮ, ನಿಮ್ಮ ಅತ್ತೂರಿನ ದೇವರ ಮೇಲೆ ಆಣೆ ಇಟ್ಟು ಹೇಳ್ತೇನೆ. ಪ್ರತಿ ವರ್ಷ ನಾನು ಅಲ್ಲಿಗೆ ಮೇಣದ ಬತ್ತಿ ಹಚ್ಚಲು ಹೋಗುವವ. ಸುಳ್ಳು ಹೇಳಿದರೆ ಅವರು ನನ್ನನ್ನು ಬಿಟ್ಟಾರಾ?"

ಬೇರೆ ಧರ್ಮದವರು ನಮ್ಮ ಸಂತ ಲಾರೆನ್ಸರ ಮೇಲೆ ಆಣೆ ಇಟ್ಟ ಮೇಲೆ ನಾನು ಇನ್ನೆಂತ ಕೇಳುವುದು? ಶನಿವಾರ ಹತ್ತು ಗಂಟೆಗೆ ಬಂದು ನೋಡಿ ಎಂದರು, ಒಪ್ಪಿಕೊಂಡೆ.

ಅಕ್ಟೋಬರ್ 11, ಶನಿವಾರ

ಶೇಖರನ ಓಮ್ನಿಯಲ್ಲಿ ಮೂವರೂ ಹೋದೆವು. ಕುಕ್ಕುಂದೂರಿನ ರಸ್ತೆ ಬದಿಯಲ್ಲೇ ಕರುಣಾಕರರ ಗುಜರಿ ಶೆಡ್. ಇಂಜಿನನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದರು. ನೀಲಿ ಬಣ್ಣ, ಮಿರಿ ಮಿರಿ. ಮದುಮಗಳಂತೆ ಇತ್ತು ಎನ್ನಬೇಕು.

ಅದೇ ನನಗೆ ಸರಿ ಕಾಣಲಿಲ್ಲ. ಬಣ್ಣ ನಟ್ಟಿನ ಮೇಲೆ, ಪೈಪಿನ ಮೇಲೆ, ರಬ್ಬರಿನ ಮೇಲೆ ಕೂಡ ಇತ್ತು. ಮೂವತ್ತು ವರ್ಷದಿಂದ ಮಲ್ಲಿಗೆ ಕಟ್ಟುವವಳು ನಾನು. ನಿನ್ನೆಯ ಮೊಗ್ಗನ್ನು ಚೆಂಡಿನ ಒಳಸುತ್ತಿಗೆ ಹಾಕಿ, ಇವತ್ತಿನದನ್ನು ಹೊರಗೆ ಸುತ್ತಿ, ನೀರು ಚಿಮುಕಿಸಿ ತರುವವರು ಇದ್ದಾರೆ. ಹೂವಿನ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಕಂಡರೆ ಕಟ್ಟೆಯಲ್ಲಿ ಕುಳಿತ ಏಜೆಂಟರು ಮೊದಲು ಬೆರಳು ಹಾಕುವುದು ಒಳಸುತ್ತಿಗೆ. ಇಂಜಿನಿನ ಒಳಗೆ ಬೆರಳು ಹಾಕುವುದು ಎಲ್ಲಿಂದ?

ಸುಮ್ಮನೆ ಕೈ ಇಟ್ಟು ನೋಡಿದೆ. ಆಗಲೇ ಇಳಿಸಿದ ಚಹಾ ಪಾತ್ರೆಯಷ್ಟು ಬಿಸಿ. "ಬೆಳಿಗ್ಗೆ ಒಬ್ಬರು ಬಂದು ನೋಡಿ ಹೋದರು ಬಾಯಮ್ಮ, ಅವರಿಗೆ ಸ್ಟಾರ್ಟ್ ಮಾಡಿ ತೋರಿಸಿದ್ದು," ಎಂದರು ಕರುಣಾಕರ.

ಸ್ಟಾರ್ಟ್ ಮಾಡಿದರು. ಒಂದೇ ಎಳೆತಕ್ಕೆ ಹಿಡಿಯಿತು. ಶೇಖರ ತಲೆ ಓರೆ ಮಾಡಿ ನಿಂತ. ಅವನ ಹುಬ್ಬು ಗಂಟಾಯಿತು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದ, ಆದರೆ ತಾನು ಕೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಇವರಿಗೆ ಕೊಟ್ಟ. ಇವರು ಮೂರು ಕಡೆ ಒತ್ತಿ, ಕಣ್ಣು ಮುಚ್ಚದೆ ಕರುಣಾಕರರ ಮುಖವನ್ನೇ ನೋಡುತ್ತ ಕೇಳಿದರು. ಮೊದಲೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಷ್ಟರಲ್ಲಿ ನಮ್ಮ ಬೆನ್ನಿಗೇ ಎಂಬಂತೆ ಒಂದು ಬಸ್ಸು ಹಾರ್ನ್ ಹೊಡೆದು ಹೋಯಿತು. ನಾನು ಹಾರಿ ಬಿದ್ದೆ, ಶೇಖರ ಬೈದ. ಇವರು ಅಲುಗಲಿಲ್ಲ. ಅಷ್ಟು ಏಕಾಗ್ರತೆ.

"ಚೆನ್ನಾಗಿ ಉಂಟು," ಎಂದರು.

"ನೀನೂ ಒಮ್ಮೆ ಕೇಳು," ಎಂದೆ ಶೇಖರನಿಗೆ.

ಅವನು ನಾಲಿಗೆ ಕಚ್ಚಿಕೊಂಡ. "ಪೊರ್ಬುಗಳು ಕೇಳಿದ ಮೇಲೆ ನಾನು ಕಿವಿ ಇಡುವುದುಂಟಾ ಬಾಯಮ್ಮ? ನನ್ನ ಕೈಯಲ್ಲಾಗುವುದಿಲ್ಲ."

ಮುಂದಿನ ಶುಕ್ರವಾರ ಹತ್ತು ಗಂಟೆಗೆ ಬಂದು ಹಣ ಕೊಟ್ಟು ಎತ್ತಿಕೊಂಡು ಹೋಗುವುದೆಂದು ಮಾತಾಯಿತು. ಅದಕ್ಕೆ ನನ್ನ ಅಮ್ಮ ಕೊಟ್ಟ ಎರಡು ಚಿನ್ನದ ಬಳೆ ಅಡವಿಡುವುದು.

ಅಕ್ಟೋಬರ್ 13, ಸೋಮವಾರ

ಗಂಟಲು ಕೆಟ್ಟಿದೆ. ಎಲ್ಲವನ್ನೂ ಎರಡೆರಡು ಸಲ ಕೂಗಿ ಹೇಳಬೇಕು. ಹೆಸರು ಹಿಡಿದು ಗಂಡನನ್ನು ಕರೆಯುವ ಕ್ರಮ ನಮ್ಮಲ್ಲಿಲ್ಲ. ಮದುವೆಯಾದಾಗಿನಿಂದ 'ಕೇಳಿತಾ' ಎಂದೇ ಕರೆಯುವುದು. ಇವತ್ತು ನಾಲ್ಕು ಸಲ ಕರೆದೆ. ಕೊನೆಗೆ ಪಕ್ಕದ ಮನೆಯ ಸ್ವರ್ಣಲತಾ ಬೇಲಿಯಿಂದ, "ನನಗೆ ಕೇಳಿತು ಬಾಯಮ್ಮ," ಎಂದು ನಕ್ಕಳು. ನಾನು ಜಗಳಗಂಟಿ ಆಗಿದ್ದೇನೆ.

ಸಂಜೆ ಇಗರ್ಜಿಯ ಗಂಟೆ ಹೊಡೆದಾಗಲೂ ಇವರು ಕುಳಿತೇ ಇದ್ದರು. ನಾನು ಎದ್ದು ನಿಂತು ಶಿಲುಬೆಯ ಗುರುತು ಮಾಡಿದ್ದನ್ನು ಕಂಡ ಮೇಲೆ ಎದ್ದರು. ಭಕ್ತಿ ಕೂಡ ಲಾರಿಯ ಜೊತೆ ನಿಂತುಹೋಯಿತಾ?

ಅಕ್ಟೋಬರ್ 15, ಬುಧವಾರ

ತೇರ್ಸಿನ ಮಧ್ಯೆ ಕರೆಂಟ್ ಹೋಯಿತು. ಗಾಳಿಗೆ ಮೇಣದ ಬತ್ತಿಯೂ ನಂದಿತು. ಕತ್ತಲೆಯಲ್ಲಿ ನಾನು ನನ್ನ ಅರ್ಧ ಹೇಳಿ ನಿಲ್ಲಿಸಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಹೇಳಿದೆ. ಇಲ್ಲ. ಕೈ ಚಾಚಿದರೆ ಮೊಣಕಾಲು ಸಿಕ್ಕಿತು, ಅಲ್ಲೇ ಇದ್ದಾರೆ. ಉಳಿದದ್ದನ್ನು ನಾನೊಬ್ಬಳೇ ಎರಡೂ ಕಡೆಯಿಂದ ಹೇಳಿದೆ.

ಕರೆಂಟ್ ಬಂದಾಗ ಇವರು ಮನೆಯ ಪುಟ್ಟ ಬಲಿಪೀಠದ ಕಡೆ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನು ನೋಡುತ್ತಿದ್ದರು.

ದೇವರೇ.

ಅಕ್ಟೋಬರ್ 16, ಗುರುವಾರ

ಬೆಳಿಗ್ಗೆ ಮೊಗ್ಗು ಕೊಯ್ಯುವಾಗ ಇವರು ನನಗೆ ಬೆನ್ನು ಹಾಕಿ ಬುಡ ಬಿಡಿಸುತ್ತಿದ್ದರು. ನಾಲ್ಕು ಹೆಜ್ಜೆ ಹಿಂದೆ ನಿಂತು, "ಕೇಳಿತಾ, ಅಡುಗೆ ಕೋಣೆಗೆ ಬೆಂಕಿ ಬಿದ್ದಿದೆ," ಎಂದೆ. ಸಾಧಾರಣ ಸ್ವರದಲ್ಲಿ. ಅವರು ಹುಲ್ಲು ಕೀಳುತ್ತ ಹೋದರು.

ಕಟ್ಟಿಕೊಂಡ ಗಂಡನನ್ನು ಹೀಗೆ ಪರೀಕ್ಷೆ ಮಾಡಿದ್ದಕ್ಕೆ ನಾಚಿಕೆಯಾಯಿತು. ಅಳು ಬರಲಿಲ್ಲ. ಹೂ ಕಟ್ಟುವಾಗ ಬಾಳೆ ನಾರು ಮೂರು ಸಲ ತುಂಡಾಯಿತು.

ಎಲ್ಲವೂ ಸಾಲಾಗಿ ಬಂತು. ಫೋನು. ಗಂಟೆ. ಬಸ್ಸಿನ ಹಾರ್ನ್. ತಿಂಗಳುಗಟ್ಟಲೆ ಬಡಿದಿರಬೇಕು ಎಂದನಲ್ಲ ಶೇಖರ, ಅದು. ತುಂಬಿದ ಲಾರಿಯನ್ನು ಹಾಗೆಯೇ ಓಡಿಸಿದ್ದಾರೆ. ಹಿಂದಿನಿಂದ ಶಾಲೆಯ ವ್ಯಾನ್ ಹಾರ್ನ್ ಹೊಡೆದಿರಬಹುದು. ಕಾಪಾಡಿದ್ದು ಮಾತೆಯೇ.

ಹಾಗಾದರೆ ಕುಕ್ಕುಂದೂರಿನಲ್ಲಿ ಇವರು ಕೇಳಿದ್ದು ಎಂತ?

ಮಧ್ಯಾಹ್ನ ಕಾಪುವಿಗೆ ಹೋದೆ. "ಶೇಖರ, ಒಳ್ಳೆಯ ಇಂಜಿನ್ ಹೇಗೆ ಕೇಳ್ತದೆ, ಕೆಟ್ಟದ್ದು ಹೇಗೆ ಕೇಳ್ತದೆ, ನನಗೆ ತೋರಿಸು."

"ನಿಮಗೆ ಯಾಕೆ ಬಾಯಮ್ಮ? ಲೈಸೆನ್ಸ್ ಮಾಡಿಸ್ತೀರಾ?"

"ಬಳೆ ಕೊಟ್ಟವಳು ನಾನು. ತೋರಿಸು."

ಅವನು ಮತ್ತೆ ತಮಾಷೆ ಮಾಡಲಿಲ್ಲ. ರಿಪೇರಿ ಮುಗಿದ ಒಂದು ಬಸ್ಸಿಗೆ ಸ್ಕ್ರೂಡ್ರೈವರ್ ಒತ್ತಿ ಹಿಡಿಯನ್ನು ನನ್ನ ಕಿವಿಯ ಮುಂದಿನ ಎಲುಬಿಗೆ ಇಟ್ಟ. ಮೊದಲು ಬರೀ ಗದ್ದಲ. ಸ್ವಲ್ಪ ತಡೆದರೆ ಗದ್ದಲದ ಒಳಗೆ ಒಂದು ಸಮ ತಾಳ ಇತ್ತು, ಹೊಲಿಗೆ ಮಷಿನ್ ಓಡಿದ ಹಾಗೆ. ಆಮೇಲೆ, ಇನ್ನೂ ಬಿಚ್ಚಬೇಕಾದ ಒಂದು ಟೆಂಪೋ. ಅದರಲ್ಲಿ ಆ ತಾಳದ ಅಡಿಯಲ್ಲಿ ಇನ್ನೊಂದು ಸದ್ದು ಇತ್ತು. ಮುಚ್ಚಿದ ಬಾಗಿಲಿನ ಆಚೆ ಯಾರೋ ಒನಕೆ ಕುಟ್ಟುವಂತೆ.

"ಕೇಳಿತಾ?" ಎಂದ.

"ಕೇಳಿತು."

"ಇನ್ನೊಂದು ಹೇಳ್ತೇನೆ. ಬಿಸಿ ಇಂಜಿನ್ ಸುಳ್ಳು ಹೇಳ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಬೇಕು. ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಬೇಕು. ಅಲ್ಲಿಂದ ಹೊಗೆ ಬುಸುಬುಸು ಬಂದರೆ ಒಳಗೆ ಸವೆದಿದೆ ಅಂತ ಲೆಕ್ಕ." ಕೈ ಒರೆಸಿಕೊಳ್ಳುತ್ತ, "ಇದನ್ನೆಲ್ಲ ನನಗೆ ಪೊರ್ಬುಗಳೇ ಹೇಳಿಕೊಟ್ಟದ್ದು," ಎಂದ. ಆ ದಿನ ನೀನು ಯಾಕೆ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ.

ನಾಳೆ ಶುಕ್ರವಾರ. ಬಾಯಿ ಬಿಟ್ಟರೆ ಕರುಣಾಕರರ ಎದುರು, ಶೇಖರನ ಎದುರು ಇವರ ಮರ್ಯಾದೆ ಹೋಗುತ್ತದೆ. ಇವರಲ್ಲಿ ಇದ್ದ ದೊಡ್ಡಸ್ತಿಕೆ ಆ ಕಿವಿ ಒಂದೇ. ಬಾಯಿ ಮುಚ್ಚಿದರೆ ಬಳೆ ಗುಜರಿಗೆ ಹೋಗುತ್ತದೆ, ಕೋರೆಯೂ ಹೋಗುತ್ತದೆ. ಸುಳ್ಳು ಹೇಳದೆ ತಪ್ಪಿಸುವ ಒಂದು ದಾರಿ ತೋರಿಸು ಎಂದು ಮೂರು ತೇರ್ಸ್ ಹೇಳಿದೆ. ದಾರಿ ಕಾಣಲಿಲ್ಲ. ಬೇಗ ಏಳಬೇಕೆಂಬುದು ಮಾತ್ರ ಹೊಳೆಯಿತು.

ಅಕ್ಟೋಬರ್ 17, ಶುಕ್ರವಾರ

ಹೂವಿನ ಕೆಲಸಕ್ಕೆ ಆಳು ಬರುವುದಿಲ್ಲ, ಹೋಗುವುದಾದರೆ ಈಗಲೇ ಹೋಗಿ ಬರುವ ಎಂದು ಐದೂವರೆಗೆ ಇಬ್ಬರನ್ನೂ ಹೊರಡಿಸಿದೆ. ಇದು ಮೊದಲನೆಯ ಸುಳ್ಳು.

ಆರೂವರೆಗೆ ಶೆಡ್ಡಿನ ಎದುರು ನಿಂತೆವು. ಕರುಣಾಕರ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಮನೆಯಿಂದ ಬಂದರು. "ಹತ್ತು ಗಂಟೆಗಲ್ವಾ ಹೇಳಿದ್ದು?"

ಇಂಜಿನಿನ ಮೇಲೆ ಕೈ ಇಟ್ಟೆ. ಬಾವಿಕಟ್ಟೆಯಂತೆ ತಣ್ಣಗಿತ್ತು. ಸ್ಟಾರ್ಟ್ ಮಾಡಿ ಎಂದೆ. ಅದು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಐದನೆಯ ಸಲಕ್ಕೆ ಹಿಡಿದಾಗ ಶೆಡ್ಡಿನ ತುಂಬ ನೀಲಿ ಹೊಗೆ.

"ಚಳಿಗೆ ಹಾಗೆ ಬಾಯಮ್ಮ."

"ಅಕ್ಟೋಬರಿನಲ್ಲಿ ಕಾರ್ಕಳದಲ್ಲಿ ಎಂತ ಚಳಿ ಕರುಣಾಕರರೇ? ನೀವೇ ಬನಿಯನಿನಲ್ಲಿ ನಿಂತಿದ್ದೀರಿ." ಆಯಿಲಿನ ಮುಚ್ಚಳ ತೆಗೆಯಲು ಶೇಖರನಿಗೆ ಸನ್ನೆ ಮಾಡಿದೆ. ತೆಗೆದ. ಅಕ್ಕಿ ಬೇಯುವ ಪಾತ್ರೆಯಂತೆ ಬುಸುಬುಸು. "ಸ್ಕ್ರೂಡ್ರೈವರ್ ಕೊಡು," ಎಂದೆ.

ಕರುಣಾಕರ ನಕ್ಕರು. "ಇದು ಮಲ್ಲಿಗೆ ಅಲ್ಲ ಬಾಯಮ್ಮ. ಪೊರ್ಬುಗಳು ಕೇಳಿ ಆಗಿದೆ. ನಾನು ನಿಮ್ಮ ದೇವರ ಮೇಲೆ ಆಣೆ ಇಟ್ಟದ್ದೂ ಆಗಿದೆ."

ಇವರು ಅವರ ತುಟಿಯನ್ನೂ ನನ್ನ ತುಟಿಯನ್ನೂ ನೋಡುತ್ತಿದ್ದರು. "ಎಂತ ಮಾಡ್ತಿ ನೀನು? ಹಿಂದೆ ಬಾ," ಎಂದು ನನ್ನ ತೋಳು ಹಿಡಿದರು. ಬಿಡಿಸಿಕೊಂಡು ಹಿಡಿಯನ್ನು ಎಲುಬಿಗೆ ಇಟ್ಟೆ.

ಒನಕೆ. ಸ್ಪಷ್ಟವಾಗಿ. ತಡೆದು ಇನ್ನೊಮ್ಮೆ ಕೇಳಿದೆ, ಪಾಪ ಬರಬಾರದೆಂದು. ಒನಕೆಯೇ.

ಮೂವರೂ ನನ್ನ ಮುಖ ನೋಡುತ್ತಿದ್ದರು. ನಿಜ ನಾಲಿಗೆಯ ತುದಿಯಲ್ಲಿತ್ತು. ಇವರ ಅಂಗಿಯ ಮೇಲಿನ ಗುಂಡಿ ತಪ್ಪು ತೂತಿಗೆ ಹಾಕಿದ್ದು ಆಗ ಕಂಡಿತು, ಕತ್ತಲೆಯಲ್ಲಿ ಎಬ್ಬಿಸಿ ಹೊರಡಿಸಿದ್ದೆನಲ್ಲ.

"ಬೇಡ," ಎಂದೆ. "ಕಳೆದ ವಾರ ಇವರು ಕೇಳಿದಾಗ ಸರಿ ಇದ್ದಿರಬಹುದು. ನನಗೆ ರಾತ್ರಿ ಕನಸು ಬಿತ್ತು. ಮಾತೆ ಬೇಡ ಎಂದಿದ್ದಾರೆ. ದೇವರು ಬೇಡ ಎಂದದ್ದನ್ನು ನಾನು ಮನೆಗೆ ತರುವವಳಲ್ಲ."

ಇಂತಹ ಗಿರಾಕಿಯನ್ನು ನಾನು ಕಂಡಿಲ್ಲ ಎಂದು ಕರುಣಾಕರ ಬಾಯಿಯ ನೊರೆ ಉಗಿದರು. ಇವರ ಮುಖ ಕೆಂಪಾಯಿತು. ಓಮ್ನಿಯಲ್ಲಿ ಕುಳಿತ ಮೇಲೆ, "ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನ ಮಾತಿಗಿಂತ ನಿನ್ನ ಕನಸು ದೊಡ್ಡದಾಯಿತಾ? ಕೋರೆ ಹೋದರೆ ನಿನ್ನ ಮಾತೆ ಅಕ್ಕಿ ಹಾಕ್ತಾಳಾ?" ಎಂದರು. ಮದುವೆಯಾದ ಮೇಲೆ ಮೊದಲ ಸಲ ಮೂರನೆಯವರ ಎದುರು ಬೈದದ್ದು.

ಬೆಳ್ಮಣ್ಣು ದಾಟಿದ ಮೇಲೆ ಶೇಖರ ಕನ್ನಡಿಯಲ್ಲಿ ನನ್ನನ್ನು ನೋಡಿ, "ಬಾಯಮ್ಮನ ಕನಸನ್ನು ನಾನು ನಂಬ್ತೇನೆ," ಎಂದ.

ಅಕ್ಟೋಬರ್ 18, ಶನಿವಾರ

ಪಾಪನಿವೇದನೆಗೆ ಹೋದೆ. ಎರಡು ಸುಳ್ಳು ಹೇಳಿದ್ದೇನೆ ಫಾದರ್, ಒಂದರಲ್ಲಿ ಮಾತೆಯ ಹೆಸರು ಎಳೆದಿದ್ದೇನೆ ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ಫಾದರ್ ಜಾಲರಿಯ ಹತ್ತಿರ ಬಗ್ಗಿದರು.

"ಅವರಿಗೆ ಕೇಳುವುದಿಲ್ಲ ಎಂದು ನಿಮಗೆ ಗೊತ್ತಾದದ್ದು ಅವರಿಗೆ ಗೊತ್ತುಂಟಾ?"

"ಇಲ್ಲ ಫಾದರ್."

ಪ್ರಾಯಶ್ಚಿತ್ತಕ್ಕೆ ಮೂರೇ ಮೂರು ನಮಾನ್ ಮರಿಯೆ ಪ್ರಾರ್ಥನೆ ಕೊಟ್ಟರು. ಮಾತೆಯ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಇಷ್ಟು ಕಡಿಮೆಯಾ ಎಂದು ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೂವತ್ತು ಹೇಳಿದೆ.

ಸಂಜೆ ಇವರ ಪಕ್ಕದಲ್ಲಿ ಕೂರಲಿಲ್ಲ. ಬಲಿಪೀಠಕ್ಕೆ ಓರೆಯಾಗಿ, ಇವರ ಎದುರು, ದೀಪದ ಬೆಳಕು ನನ್ನ ಮುಖಕ್ಕೆ ಬೀಳುವಂತೆ ಕುಳಿತೆ. ಹತ್ತು ಹತ್ತು ಮಣಿಯ ಐದು ದಶಕವೂ ಒಂದೂ ತಪ್ಪದೆ ನಡೆಯಿತು. ಮುಗಿದ ಮೇಲೆ ಇವರು ಎದ್ದು ಗೋಡೆಯ ಕಡೆ ತಿರುಗಿ ಮಲಗಿದರು.

ಅಕ್ಟೋಬರ್ 21, ಮಂಗಳವಾರ

ನಾಳೆ ಪಾಡ್ಯ. ಹೂವಿಗೆ ಬೇಡಿಕೆ, ಬೆರಳು ಸುಲಿದಿದೆ.

ಶೇಖರ ಅವಲಕ್ಕಿ ಹಿಡಿದುಕೊಂಡು ಬಂದ. ಕುಕ್ಕುಂದೂರಿನ ಆ ಇಂಜಿನನ್ನು ಇನ್ನೊಬ್ಬರು ನೋಡಲು ಹೋದಾಗ ಇವನನ್ನು ಕರೆದಿದ್ದರಂತೆ. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿಸಿದ್ದಾನೆ. "ಆಯಿಲಿನಲ್ಲಿ ಕಬ್ಬಿಣದ ಪುಡಿ, ಪೊರ್ಬುಗಳೇ. ಮೀನಿನ ಪೊರೆಯ ಹಾಗೆ ಹೊಳೀತಾ ಇತ್ತು. ಮೊದಲೇ ಬಿಚ್ಚಿ ಜೋಡಿಸಿದ್ದು." ಇವರ ಎದುರು ನಿಂತು, ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದ. ಅವನಿಗೂ ಗೊತ್ತಿತ್ತು.

ಅವನು ಹೋದ ಮೇಲೆ ಇವರು ಜಗಲಿಯಲ್ಲಿ ಬಹಳ ಹೊತ್ತು ಕುಳಿತರು. ನಾನು ಹೂ ಕಟ್ಟುತ್ತಿದ್ದೆ. ಬಂದು ನನ್ನ ಎದುರು ಮಣೆ ಎಳೆದುಕೊಂಡರು.

"ಕನಸು ಬಿತ್ತು ಅಂದಿಯಲ್ಲ. ಅದರಲ್ಲಿ ಎಂತ ಶಬ್ದ ಇತ್ತು?"

ಸುಳ್ಳು ಹೇಳಲು ಆಗಲಿಲ್ಲ. "ಒನಕೆ ಕುಟ್ಟಿದ ಹಾಗೆ."

"ನಮ್ಮದರಲ್ಲೂ ಹಾಗೆಯೇ ಇದ್ದಿರಬೇಕು ಅಲ್ವಾ?"

"ನನಗೆ ಹೇಗೆ ಗೊತ್ತು? ನಾನು ಲಾರಿಯಲ್ಲಿ ಇರಲಿಲ್ಲ."

"ನಾನು ಇದ್ದೆ," ಎಂದರು.

ಆಮೇಲೆ ಬಾಳೆ ನಾರನ್ನು ಎತ್ತಿಕೊಂಡು ಸೀಳಿ ಸೀಳಿ ನನ್ನ ಮುಂದೆ ಇಟ್ಟರು. ಮೂವತ್ತು ವರ್ಷದಲ್ಲಿ ಮುಟ್ಟದ ಕೆಲಸ. ದಪ್ಪ ದಪ್ಪ ಸೀಳಿದ್ದರು. ಅದರಲ್ಲೇ ಕಟ್ಟಿದೆ.

ಅಕ್ಟೋಬರ್ 27, ಸೋಮವಾರ

ಮಣಿಪಾಲದ ಆಸ್ಪತ್ರೆಗೆ, ಇವರ ಕಿವಿ ತೋರಿಸಲು. ಕ್ಯಾರಲ್ ರಜೆ ಹಾಕಿ ಜೊತೆಗಿದ್ದಳು. ಇವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಶಬ್ದ ಕೇಳಿದಾಗ ಕೈ ಎತ್ತಬೇಕು. ಹೊರಗೆ ನಾನು ನಿಂತು ನೋಡಿದೆ. ಕೈ ತೊಡೆಯ ಮೇಲೆಯೇ ಇತ್ತು.

"ಮಮ್ಮಿ, ಇಷ್ಟು ದಿನ ನಿಮಗೆ ಗೊತ್ತಾಗಲಿಲ್ಲವಾ?" ಎಂದಳು ಮಗಳು.

ಎರಡು ಕಿವಿಗೂ ಮಷಿನ್ ಬೇಕು. ಅಭ್ಯಾಸವಾಗಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಸ್ಟೇರಿಂಗ್ ಮುಟ್ಟಬಾರದು, ಆಮೇಲೆ ಪರೀಕ್ಷೆ ಮಾಡಿ ಹೇಳುತ್ತೇವೆ ಎಂದರು ಡಾಕ್ಟರ್. ಇವರು ಲೈಸೆನ್ಸನ್ನು ಕಿಸೆಯಿಂದ ತೆಗೆದು ನನ್ನ ಚೀಲದಲ್ಲಿ ಹಾಕಿದರು. ಯಾರೂ ಕೇಳಿರಲಿಲ್ಲ.

ಅಕ್ಟೋಬರ್ 30, ಗುರುವಾರ

ಕೋರೆಯ ಧನಿಯ ಹತ್ತಿರ ನಾನೇ ಹೋಗಿ ಮಾತನಾಡಿದೆ. ಹತ್ತನೆಯ ತಾರೀಕಿನವರೆಗೆ ಕಾಯುತ್ತಾರಂತೆ.

ಬನ್ನಂಜೆಯಲ್ಲಿ ಒಂದು ಇಂಜಿನ್ ಇದೆ ಎಂದು ಶೇಖರ ಹೇಳಿದ. ಬೆಳಿಗ್ಗೆ ಆರಕ್ಕೆ ಹೋದೆವು, ಹೇಳದೆ. ಹೊರಗೆಲ್ಲ ಧೂಳು, ಎಣ್ಣೆ, ಒಂದು ಕಡೆ ತುಕ್ಕು. ಬಣ್ಣ ಇಲ್ಲ. "ಒಂದು ಸಲ ಬಿಚ್ಚಿದ್ದು ಉಂಟು, ಬಿಲ್ಲು ಇಲ್ಲಿ ಉಂಟು, ನೋಡಿ," ಎಂದರು ಮಾರುವವರು. ಆಣೆ ಇಡಲಿಲ್ಲ. ತಣ್ಣಗಿತ್ತು. ಎರಡನೆಯ ಎಳೆತಕ್ಕೆ ಹಿಡಿಯಿತು. ಮುಚ್ಚಳದಿಂದ ಹೆಚ್ಚು ಹೊಗೆ ಇಲ್ಲ.

ಶೇಖರ ಸ್ಕ್ರೂಡ್ರೈವರನ್ನು ಎಂದಿನಂತೆ ಎರಡೂ ಕೈಯಲ್ಲಿ ಇವರಿಗೆ ಕೊಟ್ಟ. ಇವರು ತೆಗೆದುಕೊಂಡು ತುದಿಯನ್ನು ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದರು. ಹಿಡಿಯನ್ನು ನನ್ನ ಕಡೆ ತಿರುಗಿಸಿದರು.

"ನೀನು ಕೇಳು."

ಮಾರುವವರು ಬಾಯಿ ತೆರೆದು ನಿಂತರು. ನಾನು ಬಗ್ಗಿ ಕಿವಿ ಇಟ್ಟೆ. ಇವರು ಒಂದೊಂದೇ ಜಾಗಕ್ಕೆ ತುದಿಯನ್ನು ಸರಿಸುತ್ತ ನನ್ನ ಮುಖವನ್ನು ನೋಡುತ್ತಿದ್ದರು, ಕುಕ್ಕುಂದೂರಿನಲ್ಲಿ ಕರುಣಾಕರರ ಮುಖ ನೋಡಿದಂತೆ ಅಲ್ಲ. ಹೊಲಿಗೆ ಮಷಿನ್. ಎಲ್ಲ ಕಡೆಯೂ. ತಲೆ ಆಡಿಸಿದೆ.

"ತೆಗೆದುಕೊಳ್ಳುವ," ಎಂದರು ಶೇಖರನಿಗೆ. "ಬಾಯಮ್ಮ ಕೇಳಿ ಆಯಿತು."

ಡ್ರೈವರ್ ಬೇರೆ ಬರುತ್ತಾನೆ. ಇವರು ಎಡಗಡೆಯ ಸೀಟಿನಲ್ಲಿ ಕೂರುತ್ತಾರಂತೆ, ಲೋಡು ನೋಡಲು.

ಅಕ್ಟೋಬರ್ 31, ಶುಕ್ರವಾರ

ಜಪಮಾಲೆಯ ತಿಂಗಳು ಇವತ್ತಿಗೆ ಮುಗಿಯಿತು. ಕಿವಿಯ ಮಷಿನ್ ಬರಲು ಇನ್ನೂ ಹತ್ತು ದಿನ. ಕೊನೆಯ ತೇರ್ಸನ್ನು ಇವರೇ ಹೇಳಿಸಿದರು. ಮೊದಲ ಅರ್ಧ ಇವರದ್ದು, ಎರಡನೆಯದು ನನ್ನದು. ಪಕ್ಕದಲ್ಲೇ ಕುಳಿತೆ, ಇಬ್ಬರೂ ಬಲಿಪೀಠದ ಕಡೆ ಮುಖ ಮಾಡಿ. ನನ್ನ ಭಾಗ ಮುಗಿದಾಗ ಇವರ ಮೊಣಕಾಲನ್ನು ಒಮ್ಮೆ ತಟ್ಟಿದೆ. ಇವರು ಮುಂದಿನ ಮಣಿ ಹಿಡಿದರು. ಐವತ್ತು ಸಲ ತಟ್ಟಿದೆ. ಮಧ್ಯೆ ಒಮ್ಮೆ ಕರೆಂಟ್ ಹೋಯಿತು. ನಿಲ್ಲಿಸಲಿಲ್ಲ.